ಮೈತ್ರಿಗೆ ಹೊರಟ ಮಗಳಿಗೆ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಕೇಪ್ ಟೌನ್‌ಗೆ ಟಿಕೆಟ್ ಬಂದಿದೆ ಎಂದು ಮೊನ್ನೆ ನೀನು ಫೋನಿನಲ್ಲಿ ಹೇಳಿದಾಗ ನಾನು ‘ಸರಿ’ ಎಂದಷ್ಟೇ ಹೇಳಿ ಫೋನನ್ನು ನಿನ್ನ ಅಮ್ಮನ ಕೈಗೆ ಕೊಟ್ಟೆ. ಅದನ್ನು ಕೋಪ ಎಂದುಕೊಳ್ಳಬೇಡ. ಅರ್ಜಿ, ಸಂದರ್ಶನ, ವೈದ್ಯಕೀಯ ತಪಾಸಣೆ, ಔಲಿಯ ಹಿಮದಲ್ಲಿ ತರಬೇತಿ, ಇಷ್ಟೂ ಮುಗಿದ ಮೇಲೆ ಸುದ್ದಿ ಮನೆಗೆ ಬಂದರೆ ತಕ್ಷಣಕ್ಕೆ ಬಾಯಿಗೆ ಇನ್ನೇನು ಬರುತ್ತದೆ? ಅಂಟಾರ್ಕ್ಟಿಕದಲ್ಲಿರುವ ನಮ್ಮ ದೇಶದ ಮೈತ್ರಿ ನೆಲೆಯಲ್ಲಿ ಒಂದಿಡೀ ಚಳಿಗಾಲ, ಅಲ್ಲಿನವರ ಆರೋಗ್ಯದ ಹೊಣೆ ನನ್ನ ಮಗಳದು. ಹೆಮ್ಮೆಯಾಗಿದೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ನಿನಗೆ ಹೇಳುವುದೊಂದು ಬಾಕಿ ಉಳಿದಿತ್ತು.

ಔಲಿಗೆ ಹೋದದ್ದನ್ನು ಗೆಳತಿಯರ ಜೊತೆ ಪ್ರವಾಸ ಎಂದಿದ್ದೆ. ಅದನ್ನಾದರೂ ಮನ್ನಿಸಬಹುದು. ಅಲ್ಲಿಂದ ವಿಡಿಯೊ ಕರೆ ಮಾಡಿದಾಗಲೆಲ್ಲ ನಿನ್ನ ಎಡಗೈ ಶಾಲಿನೊಳಗೇ ಇರುತ್ತಿತ್ತು. ಕೇಳಿದರೆ ಚಳಿ ಎಂದೆ. ಬಿದ್ದು ಮಣಿಕಟ್ಟು ಉಳುಕಿ ಪಟ್ಟಿ ಕಟ್ಟಿಸಿಕೊಂಡಿದ್ದೆ ಎಂಬುದು ನಿನ್ನ ಗೆಳತಿಯ ಬಾಯಿಂದ ಅಮ್ಮನಿಗೆ ತಿಳಿಯಬೇಕಾಯಿತು. ಇಷ್ಟುದ್ದ ಪತ್ರ ಬರೆಯಲು ಕೂತದ್ದು ಆ ಶಾಲಿನ ದೆಸೆಯಿಂದ.

ಇತಿಹಾಸದ ಮೇಷ್ಟ್ರಿಗೆ ಹೆದರಿಕೆಯಾದರೆ ಪುಸ್ತಕದ ಕಪಾಟಿನ ಬಳಿಗೇ ಹೋಗುತ್ತಾನೆ, ನಿವೃತ್ತನಾದರೂ ಚಟ ಬಿಡುವುದಿಲ್ಲ. ಮೈತ್ರಿ ಇರುವ, ಶಿರ್ಮಾಕರ್ ಓಯಸಿಸ್ ಎಂಬ ಹಿಮ ಮುಚ್ಚದ ನೆಲದಲ್ಲಿಯೇ, ನಾಲ್ಕೈದು ಕಿಲೋಮೀಟರ್ ಆಚೆ, ರಷ್ಯನ್ನರ ನೊವೊಲಾಜರೆವ್‌ಸ್ಕಯ ನೆಲೆಯಿದೆ. 1961ರಲ್ಲಿ, ಅದಿನ್ನೂ ಹೊಸದಾಗಿದ್ದಾಗ, ಅಲ್ಲಿದ್ದ ಒಬ್ಬನೇ ಒಬ್ಬ ವೈದ್ಯ ಲಿಯೊನಿಡ್ ರೊಗೊಜೊವ್. ವಯಸ್ಸು 27. ತನ್ನ ಅಪೆಂಡಿಕ್ಸನ್ನು ತಾನೇ ಕತ್ತರಿಸಿ ತೆಗೆದವನು. ‘ಈ ಕಥೆ ನನಗೆ ಗೊತ್ತು ಅಪ್ಪಾ’ ಎನ್ನುತ್ತೀಯ, ವೈದ್ಯರಿಗೆಲ್ಲ ಗೊತ್ತಿರಬೇಕು. ಆದರೆ ಎಲ್ಲರೂ ಹೇಳುವುದು ಶಸ್ತ್ರಚಿಕಿತ್ಸೆಯ ಆ ಒಂದೂಮುಕ್ಕಾಲು ಗಂಟೆಯ ಕಥೆಯನ್ನು. ನನ್ನ ನಿದ್ದೆ ಕೆಡಿಸಿರುವುದು ಅದರ ಹಿಂದಿನ ದಿನ.

ಏಪ್ರಿಲ್ 29ರಂದು ಅವನಿಗೆ ಹೊಟ್ಟೆನೋವು, ವಾಕರಿಕೆ, ಸುಸ್ತು. ಇದು ಅಪೆಂಡಿಸೈಟಿಸ್ ಎಂದು ವೈದ್ಯನಾದವನಿಗೆ ಹೊಳೆಯದೇ ಇರುತ್ತದೆಯೇ? ದಿನಚರಿಯಲ್ಲಿ ಬರೆದುಕೊಂಡ. ಯಾರಿಗೂ ಹೇಳಿಲ್ಲ, ನಗುನಗುತ್ತಲೇ ಇದ್ದೇನೆ, ಗೆಳೆಯರನ್ನು ಯಾಕೆ ಹೆದರಿಸಲಿ, ಅವರಿಂದ ಆಗುವುದಾದರೂ ಏನು ಎಂಬ ಅರ್ಥದ ಸಾಲುಗಳು ಅಲ್ಲಿವೆ. ಆ ನಗುವನ್ನು ನೆನೆಸಿಕೊ. ನೋವು ಹೊಟ್ಟೆಯ ಬಲಭಾಗಕ್ಕೆ ಇಳಿಯುತ್ತಿದೆ, ಹತ್ತಿರದ ಸೋವಿಯತ್ ನೆಲೆ ಮಿರ್ನಿ 1,600 ಕಿಲೋಮೀಟರ್‌ಗಿಂತ ದೂರ, ಹಿಮಬಿರುಗಾಳಿಯಲ್ಲಿ ವಿಮಾನ ಬರುವಂತಿಲ್ಲ, ಇವನು ಜೊತೆಯವರ ಎದುರು ನಗುತ್ತಿದ್ದಾನೆ. ಲೋಕ ಇದನ್ನು ಧೈರ್ಯ ಎನ್ನುತ್ತದೆ. ನನಗೆ ಮಾತ್ರ ಶಾಲಿನೊಳಗಿನ ಎಡಗೈ ಕಾಣಿಸುತ್ತದೆ. ಆ ನಗುವಿನಿಂದ ಅವನಿಗೆ ಸಿಕ್ಕಿದ್ದೇನು? ಆಂಟಿಬಯಾಟಿಕ್‌ಗೆ ಬಗ್ಗದ ನೋವಿನ ಒಂದು ರಾತ್ರಿ, ಅಷ್ಟೇ.

ಅವನನ್ನು ಬದುಕಿಸಿದ್ದು ಹೇಳಿಕೊಂಡದ್ದು. ಏಪ್ರಿಲ್ 30ರ ರಾತ್ರಿ ಹವಾಮಾನ ತಜ್ಞನೊಬ್ಬ ಉಪಕರಣಗಳನ್ನು ಎತ್ತಿಕೊಡಲು ನಿಂತ. ವಾಹನ ಓಡಿಸುವವನು ಕನ್ನಡಿ ಹಿಡಿದು ದೀಪ ತಿರುಗಿಸಿದ. ಇವರಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಆ ಜಾಗಕ್ಕೆಂದು ನೆಲೆಯ ಮುಖ್ಯಸ್ಥನೂ ಅಲ್ಲೇ ಇದ್ದ. ತನಗೆ ಪ್ರಜ್ಞೆ ತಪ್ಪಿದರೆ ಯಾವ ಚುಚ್ಚುಮದ್ದು ಕೊಡಬೇಕು, ಉಸಿರಾಟ ಹೇಗೆ ನಡೆಸಬೇಕು ಎಂದು ರೊಗೊಜೊವ್ ಮೊದಲೇ ಹೇಳಿಕೊಟ್ಟಿದ್ದ. ಹೊಟ್ಟೆಗಷ್ಟೇ ನೊವೊಕೇನ್ ಮರಗಟ್ಟುವಿಕೆ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಾಣುವುದರಿಂದ ಗೊಂದಲವಾಗಿ, ಹೆಚ್ಚಿನ ಕೆಲಸವನ್ನು ಕೈಗವಸಿಲ್ಲದ ಬೆರಳುಗಳಿಂದ ತಡಕಾಡಿಯೇ ಮಾಡಿದ. ನಡುವೆ ಕರುಳಿಗೇ ಗಾಯವಾಗಿ ಅದಕ್ಕೂ ಹೊಲಿಗೆ ಹಾಕಬೇಕಾಯಿತು. ಶಕ್ತಿ ಕುಂದುತ್ತ ಬಂದಂತೆ ನಾಲ್ಕೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಕೆಲವು ಸೆಕೆಂಡು ಸುಧಾರಿಸಿಕೊಳ್ಳುತ್ತಿದ್ದ. ಹೊರತೆಗೆದ ಅಪೆಂಡಿಕ್ಸ್‌ನ ಬುಡದಲ್ಲಿ ಕಪ್ಪು ಕಲೆ ಇತ್ತು, ಇನ್ನೊಂದು ದಿನ ತಡವಾಗಿದ್ದರೆ ಒಡೆಯುತ್ತಿತ್ತು. ಕೊನೆಯ ಹೊಲಿಗೆಯಾದ ಮೇಲೆ ಉಪಕರಣ ತೊಳೆಯುವುದು ಹೇಗೆಂದು ಸಹಾಯಕರಿಗೆ ತೋರಿಸಿ, ಆಮೇಲೆ ನಿದ್ದೆ ಮಾತ್ರೆ ನುಂಗಿ ಮಲಗಿದ. ಎರಡು ವಾರದಲ್ಲಿ ಕೆಲಸಕ್ಕೆ ಮರಳಿದ.

ಇನ್ನೊಂದು ದಿನ ತಡವಾಗಿದ್ದರೆ! ನನ್ನ ಲೆಕ್ಕವೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಅವನು ಇನ್ನೊಂದು ದಿನ ನಗುತ್ತಿದ್ದಿದ್ದರೆ? ನಿನ್ನ ಅಮ್ಮನಿಗೆ ಇದನ್ನು ಓದಿ ಹೇಳಿದರೆ, ‘ಮಗಳ ಪ್ರಯಾಣದ ಹೊತ್ತಿನಲ್ಲಿ ಇಂಥದ್ದೇ ಬೇಕಿತ್ತೇ ನಿಮಗೆ?’ ಎಂದು ಎದ್ದು ಹೋದಳು.

ಅಷ್ಟಕ್ಕೇ ನಾನು ಸುಮ್ಮನಾಗಲಿಲ್ಲ. 1960ರ ಆಗಸ್ಟ್ 16ರಂದು ಅಮೆರಿಕದ ವಾಯುಪಡೆಯ ಜೋಸೆಫ್ ಕಿಟಿಂಗರ್ ನ್ಯೂ ಮೆಕ್ಸಿಕೊದ ಮೇಲೆ 1,02,800 ಅಡಿ ಎತ್ತರದಲ್ಲಿ ಬಲೂನಿನ ತೆರೆದ ಬುಟ್ಟಿಯಿಂದ ಕೆಳಕ್ಕೆ ಜಿಗಿದ. ಹಿಂದಿನ ವರ್ಷದ ಒಂದು ಜಿಗಿತದಲ್ಲಿ ಪುಟ್ಟ ಪ್ಯಾರಾಚೂಟಿನ ಹಗ್ಗ ಕುತ್ತಿಗೆಗೆ ಸುತ್ತಿ, ಗಿರಗಿರನೆ ತಿರುಗಿ ಪ್ರಜ್ಞೆ ತಪ್ಪಿದ್ದವನು. ತಾನಾಗಿ ತೆರೆದುಕೊಳ್ಳುವ ಪ್ಯಾರಾಚೂಟ್ ಇದ್ದುದರಿಂದ ಉಳಿದಿದ್ದ. ಈ ಸಲ ಮೇಲೇರುವಾಗಲೇ ಬಲಗೈ ಕೈಗವಸಿನಲ್ಲಿ ಗಾಳಿಯ ಒತ್ತಡ ನಿಲ್ಲುತ್ತಿಲ್ಲ ಎಂದು ತಿಳಿಯಿತು. ಹೇಳಿದರೆ ವೈದ್ಯರು ಕೆಳಗಿಳಿಸುತ್ತಾರೆಂದು ಬಾಯಿ ಬಿಡಲಿಲ್ಲ. ಕೈ ಊದಿ ಎರಡರಷ್ಟಾಯಿತು. ಅಂಥ ಕೈ ಇಟ್ಟುಕೊಂಡೇ 4 ನಿಮಿಷ 36 ಸೆಕೆಂಡು ಕೆಳಗೆ ಬಿದ್ದ, ಕ್ಷೇಮವಾಗಿ ನೆಲ ಮುಟ್ಟಿದ, ಕೈಯೂ ಮೊದಲಿನಂತಾಯಿತು. ನೀನು ಇವನ ಪಕ್ಷ ವಹಿಸುತ್ತೀಯ, ಗೊತ್ತು. ಹೇಳಿದ್ದರೆ ಆ ದಾಖಲೆ ಆಗುತ್ತಿರಲಿಲ್ಲ ಎನ್ನುತ್ತೀಯ. ಆಗುತ್ತಿರಲಿಲ್ಲ, ನಿಜ. ಆದರೆ ಕೆಳಗಿದ್ದವರು ಕೂಡಿ ಮಾಡಬೇಕಾದ ತೀರ್ಮಾನವನ್ನು ಅವನೊಬ್ಬನೇ ಮಾಡಿಬಿಟ್ಟನಲ್ಲ, ಅದಕ್ಕೆ ನನ್ನ ತಕರಾರು. ಕೈಗವಸಿನ ಬದಲು ಶಿರಸ್ತ್ರಾಣ ಸೋರಿದ್ದರೆ ಅವನ ಕಥೆಯನ್ನು ಬೇರೆಯವರು ಬರೆಯಬೇಕಿತ್ತು.

1999ರಲ್ಲಿ ದಕ್ಷಿಣ ಧ್ರುವದ ಅಮೆರಿಕನ್ ನೆಲೆಯಲ್ಲಿದ್ದ ವೈದ್ಯೆ ಜೆರ್ರಿ ನೀಲ್ಸನ್‌ಗೆ ಸ್ತನದಲ್ಲಿ ಗಂಟು ಕಾಣಿಸಿತು. ಆಕೆ ದೂರದ ವೈದ್ಯರಿಗೆ ಇಮೇಲ್ ಮಾಡಿದಳು, ನೆಲೆಯವರ ನೆರವು ಪಡೆದು ತನ್ನ ಗಂಟಿನ ಮಾದರಿ ತಾನೇ ತೆಗೆದುಕೊಂಡಳು. ಧ್ರುವದ ಕತ್ತಲಿನಲ್ಲಿ ವಿಮಾನದಿಂದ ಔಷಧಿ ಬಿತ್ತು. ಅಕ್ಟೋಬರಿನಲ್ಲಿ ವಾಯುಪಡೆಯ ವಿಮಾನ ಆಕೆಯನ್ನು ಕರೆದೊಯ್ದಿತು, ಆಮೇಲೂ ಹತ್ತು ವರ್ಷದಷ್ಟು ಬದುಕಿದಳು. ನನಗೆ ಇಂಥ ಕಥೆಗಳೇ ಹಿಡಿಸುತ್ತವೆ. ನಾನು ಪಾಠ ಮಾಡಿದ ಪಠ್ಯಪುಸ್ತಕಗಳಲ್ಲಿ ಇವಕ್ಕೆ ಅರ್ಧ ಪುಟವೂ ಇರಲಿಲ್ಲ. ದಂಡೆತ್ತಿ ಹೋದವರಿಗೆ ಅಧ್ಯಾಯಗಟ್ಟಲೆ ಜಾಗವಿತ್ತು.

ಪಾಠ ಶುರುವಾಯಿತು ಎಂದು ನಗುತ್ತಿದ್ದೀಯ. ನಗು. ಮುಚ್ಚಿಡುವ ವಿದ್ಯೆಯನ್ನು ನೀನು ಈ ಮನೆಯಲ್ಲೇ ಕಲಿತೆ ಎಂದು ನಿನ್ನ ಅಮ್ಮ ನನ್ನತ್ತ ನೋಡುತ್ತ ಹೇಳುತ್ತಾಳೆ, ಆ ವಾದಕ್ಕೆ ನಾನು ಇಳಿಯುವುದಿಲ್ಲ. ಇನ್ನೊಂದು ಮಾತು: ಆಸ್ಟ್ರೇಲಿಯಾದವರು ಅಲ್ಲಿ ಚಳಿಗಾಲ ಕಳೆಯಲು ಹೋಗುವ ವೈದ್ಯರ ಅಪೆಂಡಿಕ್ಸನ್ನು ಹೊರಡುವ ಮೊದಲೇ ತೆಗೆಸುತ್ತಾರೆ. ನಿನ್ನದು ಇನ್ನೂ ಹೊಟ್ಟೆಯಲ್ಲೇ ಇದೆ. ನಮ್ಮವರ ನಿಯಮ ಏನೆಂದು ಕೇಳಿದ್ದೀಯಾ? ಕೇಳು. ನಗೆಪಾಟಲಾದರೂ ಚಿಂತೆಯಿಲ್ಲ.

ದಿನಾ ಫೋನ್ ಮಾಡು ಎಂದು ಪೀಡಿಸುವುದಿಲ್ಲ. ನನಗೆ ಹೇಳದಿದ್ದರೂ ನಡೆದೀತು, ಇಲ್ಲಿ ಕೂತು ನಾನು ಮಾಡುವುದು ಅಷ್ಟರಲ್ಲೇ ಇದೆ. ಅಲ್ಲಿರುವವರಿಗೆ ಹೇಳು. ಜ್ವರ ಬಂದರೆ ಜ್ವರ ಎಂದು, ಕತ್ತಲು ಸಾಕಾಗಿದ್ದರೆ ಸಾಕಾಗಿದೆ ಎಂದು. ಹೋದ ಮೊದಲ ವಾರವೇ ಇಬ್ಬರನ್ನು ಆರಿಸಿ ಚುಚ್ಚುಮದ್ದು ಕೊಡುವುದನ್ನು, ಹೊಲಿಗೆ ಹಾಕುವುದನ್ನು, ನೀನು ಮಲಗಿದರೆ ಯಾವ ವೈದ್ಯರನ್ನು ಸಂಪರ್ಕಿಸಬೇಕು ಎಂಬುದನ್ನು ಕಲಿಸು. ಅಡುಗೆಯವರಾಗಲಿ, ಮೆಕ್ಯಾನಿಕ್ ಆಗಲಿ, ಕೈ ನಡುಗದವರಾಗಿದ್ದರೆ ಸಾಕು. ಆ ಇಬ್ಬರ ಹೆಸರನ್ನು ನನಗೆ ಬರೆದು ಕಳುಹಿಸು.

ಇಂತಿ,
ನಿನ್ನ ಅಪ್ಪ