ವಿಜಾರ್ಡ್‌ನ ಕೈ ಕಟ್ಟಬೇಡಿ, ದಿನ ಉದ್ದ ಮಾಡಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡದ ಹಾಸ್ಟೆಲ್‌ಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಿಸುವ ಹುಡುಗ–ಹುಡುಗಿಯರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಿದೆ. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಒಬ್ಬರು ಡಿಎಂ (ಡಂಜನ್ ಮಾಸ್ಟರ್) ಆಗಿ ಕಥೆ ನಡೆಸುತ್ತಾರೆ, ನಾಲ್ಕೈದು ಜನ ಫೈಟರ್ (ಯೋಧ), ವಿಜಾರ್ಡ್ (ಮಾಂತ್ರಿಕ), ರೋಗ್ (ಕಳ್ಳ), ಕ್ಲೆರಿಕ್ (ಪುರೋಹಿತ) ಎಂಬಂಥ ಒಂದೊಂದು ಕ್ಲಾಸ್, ಅಂದರೆ ಪಾತ್ರದ ಬಗೆ, ಆರಿಸಿಕೊಂಡು ದಾಳ ಉರುಳಿಸುತ್ತಾರೆ. ಈ ಮೇಜುಗಳಲ್ಲಿ ಕೇಳಿಬರುವ ತಕರಾರು ಹೆಚ್ಚುಕಡಿಮೆ ಒಂದೇ: “ವಿಜಾರ್ಡ್ ಒಬ್ಬನ ಆಡತಾನ್ರಿ, ನಾವು ಕುಂತು ನೋಡೋದಷ್ಟ.” ತಕರಾರು ಸುಳ್ಳಲ್ಲ. ಆದರೆ ಅದಕ್ಕೆ ಡಿಎಂಗಳು ಮಾಡುವ ಉಪಾಯ ನೋಡಿದರೆ ಬೇನೆ ಒಂದು ಕಡೆ, ಔಷಧ ಇನ್ನೊಂದು ಕಡೆ. ಒಬ್ಬರು ಫೈರ್‌ಬಾಲ್ ಮಂತ್ರದ ದಾಳ ಕಡಿತ ಮಾಡುತ್ತಾರೆ, ಮತ್ತೊಬ್ಬರು ಫೈಟರ್‌ಗೆ +2 ಕತ್ತಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

2014ರ ನಿಯಮಗಳ ಪ್ರಕಾರ 5ನೇ ಲೆವೆಲ್‌ನ ಲೆಕ್ಕ ಹಾಕಿ ನೋಡೋಣ. ಎರಡು ಕೈಯ ದೊಡ್ಡ ಕತ್ತಿ ಹಿಡಿದ ಫೈಟರ್‌ನ ಸ್ಟ್ರೆಂತ್ (ಬಲದ ಅಂಕ) 18 ಇದ್ದರೆ ಒಂದು ಏಟಿಗೆ ಎರಡು ಆರುಮುಖದ ದಾಳ ಕೂಡಿಸು 4, ಅಂದರೆ ಸರಾಸರಿ 11. ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ಏಟು ತಗಲಲು ಮುಟ್ಟಬೇಕಾದ ಅಂಕ, 15 ಇದ್ದರೆ, ಫೈಟರ್ ತನ್ನ ದಾಳಕ್ಕೆ 7 ಕೂಡಿಸುವುದರಿಂದ, ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬೀಳಬೇಕು. ಅದು ನೂರಕ್ಕೆ 65 ಸಲ ಬೀಳುತ್ತದೆ. ರೌಂಡಿಗೆ ಎರಡು ಏಟು, ಹಾಗಾಗಿ ರೌಂಡಿಗೆ 14.3. ಆ್ಯಕ್ಷನ್ ಸರ್ಜ್ (ಒಂದೇ ಸರದಿಯಲ್ಲಿ ಇನ್ನೊಮ್ಮೆ ಆಡುವ ಫೈಟರ್‌ನ ಶಕ್ತಿ) ಬಳಸಿದ ರೌಂಡಿನಲ್ಲಿ ಇದರ ಎರಡರಷ್ಟು. ವಿಜಾರ್ಡ್‌ನ ಫೈರ್‌ಬಾಲ್ ಎಂಟು ಆರುಮುಖದ ದಾಳ, ಸರಾಸರಿ 28. ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಗೆದ್ದವರಿಗೆ ಅರ್ಧ ತಗಲುತ್ತದೆ. ಅರ್ಧ ಜನ ಗೆಲ್ಲುತ್ತಾರೆ ಅಂದುಕೊಂಡರೆ ತಲೆಗೆ 21.

ಈಗ ಮೂರು ರೌಂಡಿನ ಒಂದೇ ಕಾಳಗ, ನಾಲ್ಕು ಶತ್ರುಗಳು ಗುಂಪಾಗಿ ನಿಂತಿದ್ದಾರೆ. ಐದನೇ ಲೆವೆಲ್‌ನ ವಿಜಾರ್ಡ್‌ಗೆ ಮೂರನೇ ಮಟ್ಟದ ಸ್ಲಾಟ್ ಎರಡು. ಸ್ಲಾಟ್ ಅಂದರೆ ಮಂತ್ರ ಹಾಕುವ ಅವಕಾಶ; ಖರ್ಚಾದರೆ ಸಾಮಾನ್ಯವಾಗಿ ರಾತ್ರಿ ಮಲಗಿ ಎದ್ದ ಮೇಲೆಯೇ ಮರಳುತ್ತದೆ. ಎರಡೂ ಫೈರ್‌ಬಾಲ್‌ಗೆ ಹೋದರೆ 168, ಮೂರನೇ ರೌಂಡಿನಲ್ಲಿ ಸ್ಕಾರ್ಚಿಂಗ್ ರೇ (ಎರಡನೇ ಮಟ್ಟದ ಬೆಂಕಿಯ ಮಂತ್ರ) ಸುಮಾರು 14, ಒಟ್ಟು 182. ಅದೇ ಮೂರು ರೌಂಡಿನಲ್ಲಿ ಫೈಟರ್ ಆ್ಯಕ್ಷನ್ ಸರ್ಜ್ ಸೇರಿಸಿಯೂ ಮಾಡಿದ್ದು 57. ಮೂರು ಪಟ್ಟಿಗೂ ಹೆಚ್ಚಿನ ಅಂತರ.

ಅದೇ ದಿನದಲ್ಲಿ ಇಂಥ ನಾಲ್ಕು ಕಾಳಗ ಇಡಿ. ನಡುವೆ ಒಂದೊಂದು ಗಂಟೆಯ ಎರಡು ಶಾರ್ಟ್ ರೆಸ್ಟ್ ಕೊಡಿ. ಶತ್ರುಗಳು ಚದುರಿ ನಿಲ್ಲಲಿ, ಒಂದು ಫೈರ್‌ಬಾಲ್‌ಗೆ ಇಬ್ಬರಷ್ಟೇ ಸಿಗಲಿ. ಆರ್ಕೇನ್ ರಿಕವರಿಯಿಂದ ದಿನಕ್ಕೆ ಒಂದೇ ಸಲ ಒಂದು ಸ್ಲಾಟ್ ಮರಳಿದರೆ ಒಟ್ಟು ಮೂರು ಫೈರ್‌ಬಾಲ್, 126. ಮೂರು ಸ್ಕಾರ್ಚಿಂಗ್ ರೇ, 41. ಉಳಿದ ಆರು ರೌಂಡು ಸ್ಲಾಟ್ ಬೇಡದ ಕಿರುಮಂತ್ರ ಫೈರ್ ಬೋಲ್ಟ್, ಅದು ರೌಂಡಿಗೆ 7ರ ಆಸುಪಾಸು, 43. ಕೂಡಿದರೆ 210. ಫೈಟರ್‌ಗೆ ಹನ್ನೆರಡು ರೌಂಡು, ಶಾರ್ಟ್ ರೆಸ್ಟ್ ಆದಾಗೆಲ್ಲ ಮರಳುವ ಆ್ಯಕ್ಷನ್ ಸರ್ಜ್ ಮೂರು ಸಲ: 215. ಅದೇ ಇಬ್ಬರು, ಅದೇ ನಿಯಮ, ಒಂದು ಅಂಕೆಯನ್ನೂ ತಿದ್ದಿಲ್ಲ. ಇಪ್ಪತ್ತು ಓವರಿನ ಪಂದ್ಯದಲ್ಲಿ ಹತ್ತು ವಿಕೆಟ್ ಕೈಯಲ್ಲಿದ್ದರೆ ಯಾರು ತಡೆದು ಆಡುತ್ತಾರೆ? ಒಂದೇ ಕಾಳಗದ ದಿನ ವಿಜಾರ್ಡ್‌ಗೂ ಹಾಗೇ.

ಫೈರ್‌ಬಾಲನ್ನು ಎಂಟು ದಾಳದಿಂದ ಆರಕ್ಕೆ ಇಳಿಸಿದರೆ ಏನಾಗುತ್ತದೆ ಅಂತಲೂ ನೋಡಿ. ಒಂದೇ ಕಾಳಗದ ದಿನ 182 ಇದ್ದದ್ದು 140ಕ್ಕೆ ಬರುತ್ತದೆ, ಫೈಟರ್‌ನ ಎರಡೂವರೆ ಪಟ್ಟು ಆಗಲೂ ಇದೆ. ನಾಲ್ಕು ಕಾಳಗದ ದಿನ 210 ಹೋಗಿ 178, ಅಂದರೆ ಸರಿಸಮ ಇದ್ದಲ್ಲಿ ವಿಜಾರ್ಡ್ ಹಿಂದೆ ಬಿದ್ದ. ಬೇಕಾದಲ್ಲಿ ನಾಟಲಿಲ್ಲ, ಬೇಡದಲ್ಲಿ ನಾಟಿತು. +2 ಕತ್ತಿಯದ್ದು ಇನ್ನೊಂದು ಫಜೀತಿ. ತಗಲುವ ಸಂಭವ 65ರಿಂದ 75ಕ್ಕೆ, ಏಟು 11ರಿಂದ 13ಕ್ಕೆ ಏರಿ ರೌಂಡಿಗೆ 19.5 ಆಗುತ್ತದೆ. ಶತ್ರುಗಳು ಬೇಗ ಬೀಳುತ್ತಾರೆಂದು ಡಿಎಂ ಅವರ ಆರ್ಮರ್ ಕ್ಲಾಸ್ ಎರಡು ಏರಿಸುತ್ತಾರೆ. ಆಗ ಸಾದಾ ಕತ್ತಿಯ ರೋಗ್‌ನ ಏಟು ತಪ್ಪತೊಡಗುತ್ತದೆ, ಅವನಿಗೂ ಒಂದು +2 ಕೊಡಬೇಕಾಗುತ್ತದೆ. ಇದಕ್ಕೆ ಕೊನೆ ಇಲ್ಲ.

ರೋಗ್‌ನ ಮಾತು ಬಂತಲ್ಲ, ಅವನ ಸ್ನೀಕ್ ಅಟ್ಯಾಕಿಗೆ (ಸಂದು ನೋಡಿ ಹೊಡೆಯುವ ಏಟಿಗೆ) ಹೆದರುವ ಡಿಎಂಗಳೂ ಇದ್ದಾರೆ. ಮುಷ್ಟಿ ತುಂಬ ದಾಳ ಒಮ್ಮೆಲೇ ಉರುಳುವುದರಿಂದ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. 5ನೇ ಲೆವೆಲ್‌ನಲ್ಲಿ ರೇಪಿಯರ್ (ತೆಳು ಕತ್ತಿ) ಸೇರಿ ಸರಾಸರಿ 19, ಅದರ ನೂರಕ್ಕೆ 65 ಪಾಲು ಅಂದರೆ 12.35; ಫೈಟರ್‌ಗಿಂತ ಕಡಿಮೆಯೇ. ಮುಟ್ಟಬೇಡಿ.

ಹಾಗಾದರೆ ಈ ಆಟವನ್ನು ಹೀಗೇಕೆ ಕಟ್ಟಿದರು? 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದಾಗ ಮೂರೇ ಕ್ಲಾಸ್ ಇದ್ದವು. ಥೀಫ್ (ಈಗಿನ ರೋಗ್) ಸೇರಿದ್ದು 1975ರಲ್ಲಿ. ಆಗ ಸಮತೋಲವನ್ನು ಕಾಲದ ಮೇಲೆ ಹಂಚಿದ್ದರು. 1978ರ ನಿಯಮದಲ್ಲಿ 2ನೇ ಲೆವೆಲ್ ಮುಟ್ಟಲು ಥೀಫ್‌ಗೆ 1,251 ಅನುಭವಾಂಕ ಸಾಕು, ಫೈಟರ್‌ಗೆ 2,001, ಮಾಂತ್ರಿಕನಿಗೆ 2,501. 2000ದ ಮೂರನೇ ಆವೃತ್ತಿ ಎಲ್ಲರಿಗೂ ಒಂದೇ ಕೋಷ್ಟಕ ಮಾಡಿತು. ಮಾಂತ್ರಿಕನ ಕಾಲಿಗಿದ್ದ ಒಂದು ಗುಂಡು ಅಲ್ಲಿ ಬಿಚ್ಚಿತು. 2008ರಲ್ಲಿ ಎಲ್ಲ ಕ್ಲಾಸ್‌ಗಳಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಕೊಟ್ಟರು, ಸಮತೋಲ ಸಿಕ್ಕಿತು, ‘ಎಲ್ಲರೂ ಒಂದೇ ಥರ’ ಎಂಬ ಗೊಣಗಾಟವೂ ಜೊತೆಗೆ ಬಂತು. 2014ರ ಡಿಎಂ ಕೈಪಿಡಿ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳ ಮೇಲೆ ಲೆಕ್ಕ ಇಟ್ಟಿತು. ನಾಲ್ಕು ತಾಸಿನ ಫೆಸ್ಟ್ ಮೇಜಿನಲ್ಲಿ ಅದು ಆಗದ ಮಾತು. ಐದು ಜನ ಕೂತರೆ ಒಂದು ಕಾಳಗಕ್ಕೇ ಮುಕ್ಕಾಲು ತಾಸು ಹಿಡಿಯುತ್ತದೆ.

ಕಾಳಗ ಹೆಚ್ಚಿಸುವ ಮೊದಲು ಇರುವ ನಿಯಮವನ್ನು ಪೂರ್ತಿ ಆಡಿಸಿ. ಮೇಜಿನಲ್ಲಿ ಮೊದಲು ಮರೆತುಹೋಗುವುದು ಕಾನ್ಸಂಟ್ರೇಶನ್, ಅಂದರೆ ಮಂತ್ರ ಹಿಡಿದಿಡುವ ಏಕಾಗ್ರತೆ. ಫ್ಲೈ, ಹೇಸ್ಟ್, ವೆಬ್, ಇನ್‌ವಿಸಿಬಿಲಿಟಿ, ಹೋಲ್ಡ್ ಪರ್ಸನ್ – ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನಷ್ಟೇ ಹಿಡಿದಿಡಬಹುದು. ಎರಡನೆಯದು ಶುರುವಾದ ಗಳಿಗೆ ಮೊದಲನೆಯದು ಹೋಗುತ್ತದೆ. ಏಟು ಬಿದ್ದಾಗೆಲ್ಲ ಕಾನ್ಸ್ಟಿಟ್ಯೂಶನ್ ಸೇವ್ ಹಾಕಬೇಕು. ಗುರಿ 10, ಅಥವಾ ಬಿದ್ದ ಏಟಿನ ಅರ್ಧ, ಯಾವುದು ದೊಡ್ಡದೋ ಅದು. ಒಂದೇ ಸರದಿಯಲ್ಲಿ ಮೂರು ಬಾಣ ಬಿದ್ದರೆ ಮೂರು ಸಲ ಬೇರೆಬೇರೆ ಹಾಕಬೇಕು. ಒಟ್ಟು ಕೂಡಿಸಿ ಒಂದೇ ಸಲ ಹಾಕಿಸುವುದು ತಪ್ಪು. ಈ ಒಂದು ನಿಯಮ ಬಿಟ್ಟರೆ ವಿಜಾರ್ಡ್ ಹಾರುತ್ತ, ಕಾಣದಂತಿದ್ದು, ಶತ್ರುವನ್ನು ಕಟ್ಟಿಹಾಕಿಯೂ ಇರುತ್ತಾನೆ. ಆಮೇಲೆ ಆಟವೇ ಸರಿಯಿಲ್ಲ ಅಂತ ದೂರುತ್ತೇವೆ. ಹಾಗೆಯೇ ನಾಕ್ ಮಂತ್ರ: ಬೀಗ ತೆಗೆಯುತ್ತದೆ, ಹೌದು, ಆದರೆ 300 ಅಡಿವರೆಗೆ ಕೇಳಿಸುವ ಸದ್ದು ಮಾಡುತ್ತದೆ. ಆ ಸದ್ದಿಗೆ ಕಾವಲಿನವರು ಎದ್ದು ಬಂದರೆ, ಮುಂದಿನ ಬಾಗಿಲಿಗೆ ಎಲ್ಲರೂ ರೋಗ್‌ನ ಮುಖ ನೋಡುತ್ತಾರೆ.

ನೆಲವೂ ಕೆಲಸ ಮಾಡಲಿ. ಬಯಲಲ್ಲಿ ಕಾಳಗ ಇಟ್ಟರೆ ಫೈರ್‌ಬಾಲ್‌ಗೆ ಹಬ್ಬ. ಗದಗ ಹತ್ತಿರದ ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರು ಅಂಥ ಮೆಟ್ಟಿಲುಬಾವಿಯನ್ನೇ ನಕ್ಷೆ ಮಾಡಿಕೊಳ್ಳಬಹುದು. ಅಗಲ 30 ಅಡಿ ಅಂತ ಬರೆದರೆ, 20 ಅಡಿ ತ್ರಿಜ್ಯದ ಬೆಂಕಿ ಮುಂದೆ ನಿಂತ ಫೈಟರ್‌ನನ್ನೂ ಸುಡುತ್ತದೆ, ಮೂಲೆ ತಿರುಗಿಯೂ ಹರಡುತ್ತದೆ. ಎವೊಕೇಶನ್ ಶಾಖೆಯ ವಿಜಾರ್ಡ್ ಮಾತ್ರ ಫೈರ್‌ಬಾಲ್‌ನಲ್ಲಿ ನಾಲ್ವರನ್ನು ಉಳಿಸಿಕೊಳ್ಳಬಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಶತ್ರುಗಳನ್ನು ಎರಡು ತಂಡ ಮಾಡಿ, ಎರಡನೆಯದು ಮೂರನೇ ರೌಂಡಿನಲ್ಲಿ ಮೇಲಿನ ಮೆಟ್ಟಿಲಿಂದ ಬರಲಿ. ಜೊತೆಗೆ ಕೆಲವು ಕಿರಿ ಶತ್ರುಗಳಿರಲಿ: ಗಾಬ್ಲಿನ್‌ಗೆ ಇರುವುದೇ 7 ಹಿಟ್ ಪಾಯಿಂಟ್ (ಜೀವಾಂಕ), ಅದರ ಮೇಲೆ 28 ಸುರಿದರೆ 21 ನೀರುಪಾಲು. ಯಾರ ಕೈ ಮೇಲು ಅಂತ ಗುರುತು ಹಾಕುವಾಗಲೂ ದಾಳದಲ್ಲಿ ಬಿದ್ದದ್ದನ್ನಲ್ಲ, ಶತ್ರುವಿನಿಂದ ನಿಜವಾಗಿ ಇಳಿದದ್ದನ್ನು ಬರೆಯಿರಿ.

ಫೆಸ್ಟ್‌ನಲ್ಲಿ ಆಡಿಸುವವರಿಗೆ ನಮ್ಮ ಮೊದಲ ಸಲಹೆ 3ನೇ ಲೆವೆಲ್. ಅಲ್ಲಿ ಫೈರ್‌ಬಾಲ್ ಇಲ್ಲ, ಹೊಸಬರಿಗೆ ಓದಬೇಕಾದ ಹಾಳೆಯೂ ಚಿಕ್ಕದು. 5ನೇ ಲೆವೆಲ್ಲೇ ಬೇಕೆಂದರೆ ಕಥೆಯನ್ನು ದಿನದ ನಡುವಿನಿಂದ ಶುರು ಮಾಡಿ. ಬೆಳಗ್ಗೆಯೇ ಒಂದಷ್ಟು ಖರ್ಚಾಗಿದೆ ಎಂದು ವಿಜಾರ್ಡ್‌ಗೆ ಮೂರನೇ ಮಟ್ಟದ್ದು ಒಂದು, ಎರಡನೇ ಮಟ್ಟದ್ದು ಎರಡು, ಮೊದಲ ಮಟ್ಟದ್ದು ಮೂರು ಸ್ಲಾಟ್ ಮಾತ್ರ ಕೊಡಿ. ಆರ್ಕೇನ್ ರಿಕವರಿ ಹಾಗೇ ಇರಲಿ. ಮೂರು ಕಾಳಗ, ನಡುವೆ ಒಂದು ಶಾರ್ಟ್ ರೆಸ್ಟ್. ಎರಡನೇ ಕಾಳಗ ಮುಗಿದ ಮೇಲಿನ ಗಿರ್ಮಿಟ್–ಚಹಾದ ಬಿಡುವನ್ನೇ ಶಾರ್ಟ್ ರೆಸ್ಟ್ ಅಂತ ಸಾರಿಬಿಟ್ಟರೆ ಯಾರೂ ಮರೆಯುವುದಿಲ್ಲ. ಒಂದು ಫೈರ್‌ಬಾಲ್‌ಗೆ ಇಬ್ಬರು ಎಂಬ ಲೆಕ್ಕದಲ್ಲಿ ವಿಜಾರ್ಡ್ 147, ಫೈಟರ್ 157ರ ಸುತ್ತ ನಿಲ್ಲುತ್ತಾರೆ. ಸ್ಲಾಟ್‌ಗಳಿಗೆ ಹಾಳೆಯ ಮೇಲೆ ಚೌಕ ಹಾಕಿ ಕೊಡಿ, ಬಳಸಿದಾಗೆಲ್ಲ ಪೆನ್ನಿನಲ್ಲಿ ಗೀಟು ಹೊಡೆಸಿ. ಪೆನ್ಸಿಲ್ ಕೊಟ್ಟರೆ ಮೂರನೇ ಕಾಳಗದ ಹೊತ್ತಿಗೆ ಎಷ್ಟು ಖಾಲಿ, ಎಷ್ಟು ಬಾಕಿ ಎಂಬ ವಾದಕ್ಕೇ ಕಾಲು ತಾಸು ಹೋಗುತ್ತದೆ.

– ಕೆಲವು ಆಟಗಾರರು, ಸಪ್ತಾಪುರ, ಧಾರವಾಡ