ದ್ರಾಕ್ಷಿ ಜ್ಯೂಸ್ ಬಣ್ಣ ಯಾಕೆ ಬದಲಾಯಿತು? ಗ್ರಾಹಕರಿಗೊಂದು ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಈ ಬೆಳೆಯಿಂದ ನಮ್ಮ ದ್ರಾಕ್ಷಿ ಜ್ಯೂಸ್ ಕಡು ನೇರಳೆ ಬಣ್ಣಕ್ಕೆ ತಿರುಗಿದೆ, ಕುಡಿದರೆ ಸ್ವಲ್ಪ ಒಗರು. "ಬಣ್ಣ ಹಾಕಿದ್ದೀರಾ?" ಅಂತ ಕೆಲವರು ಫೋನ್ ಮಾಡಿ ಕೇಳಿದಿರಿ. ಇಲ್ಲ, ಒಂದು ತೊಟ್ಟೂ ಹಾಕಿಲ್ಲ.

ಇಷ್ಟು ದಿನ ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ಜೊತೆ ದಿಲ್‌ಖುಷ್ ಎಂಬ ಬಿಳಿ ದ್ರಾಕ್ಷಿ ಬೆರೆಸಿ, ಬಿಸಿ ಮಾಡದೆ ಹಿಂಡುತ್ತಿದ್ದೆವು. ಈಗ ಬರೀ ಬೆಂಗಳೂರು ಬ್ಲೂ. ಹಣ್ಣು ಜಜ್ಜಿ, ಸಿಪ್ಪೆ ಸಮೇತ ಸುಮಾರು 60 ಡಿಗ್ರಿಗೆ ಬಿಸಿ ಮಾಡಿ ಆಮೇಲೆ ಹಿಂಡುತ್ತೇವೆ. ಈ ಹಣ್ಣಿನ ತಿರುಳಲ್ಲಿ ಬಣ್ಣ ಇಲ್ಲ, ಇರುವುದೆಲ್ಲ ಸಿಪ್ಪೆಯಲ್ಲಿ. ಆಂಥೋಸಯಾನಿನ್ ಎಂಬ ಆ ಬಣ್ಣ, ಒಗರು ಕೊಡುವ ಟ್ಯಾನಿನ್, ಎರಡೂ ಬಿಸಿ ತಾಗಿದರೆ ರಸಕ್ಕೆ ಚೆನ್ನಾಗಿ ಇಳಿಯುತ್ತವೆ. ಮೊದಲು ಅದರಲ್ಲಿ ಬಹುಪಾಲು ಸಿಪ್ಪೆಯ ಜೊತೆ ತಿಪ್ಪೆ ಸೇರುತ್ತಿತ್ತು.

ದಿಲ್‌ಖುಷ್ ತಿನ್ನಲು ಒಳ್ಳೆಯ ಹಣ್ಣು, ನಮ್ಮ ಸದಸ್ಯರೇ ಬೆಳೆಯುತ್ತಾರೆ. ಆದರೆ ಅದರ ಸಿಪ್ಪೆಯಲ್ಲಿ ಈ ಬಣ್ಣ ಇಲ್ಲ. ದ್ರಾಕ್ಷಿಯಲ್ಲಿ ಬಣ್ಣ ತಯಾರಾಗಲು ಒಂದು ಜೀನ್ ಕೆಲಸ ಶುರು ಮಾಡಬೇಕು. ಬಿಳಿ ದ್ರಾಕ್ಷಿಯಲ್ಲಿ ಬೇರೆ ಡಿಎನ್‌ಎ ತುಣುಕೊಂದು ನಡುವೆ ಸೇರಿಕೊಂಡು ಆ ಜೀನ್ ಆಫ್ ಆಗಿದೆ ಎಂದು ಜಪಾನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಅಂಥ ಬಳ್ಳಿಗೆ ಎಷ್ಟು ಗೊಬ್ಬರ ಕೊಟ್ಟರೂ ಕಪ್ಪು ಹಣ್ಣು ಬಿಡುವುದಿಲ್ಲ. ಬೆಂಗಳೂರು ಬ್ಲೂ ಮಾತ್ರ ಅಮೆರಿಕದ ಲಾಬ್ರಸ್ಕಾ ದ್ರಾಕ್ಷಿಯ ಸಂಬಂಧಿ. ಬಾಟಲಿ ತೆರೆದ ಕೂಡಲೇ ಮೂಗಿಗೆ ಬರುವ ಆ ಘಮ, ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತುವಿನದು, ಆ ಕಡೆಯಿಂದಲೇ ಬಂದದ್ದು. 2013ರಲ್ಲಿ ಜಿಐ (ಇದು ಈ ಪ್ರದೇಶದ್ದೇ ಬೆಳೆ ಎಂಬ ಗುರುತು) ಮಾನ್ಯತೆ ಪಡೆದ ಈ ಹಣ್ಣು ನಮ್ಮ ಚಿಕ್ಕಬಳ್ಳಾಪುರದ ತೋಟಗಳ ಹೆಮ್ಮೆ. ಅದನ್ನು ಬೇರೆ ಹಣ್ಣಿನ ಜೊತೆ ಕಲಸಿ ತೆಳುಮಾಡುವುದು ಇನ್ನು ಬೇಡ ಅಂತ ಎಲ್ಲರೂ ಕೂತು ತೀರ್ಮಾನಿಸಿದೆವು.

ಅನುಮಾನ ಇದ್ದರೆ ಮನೆಯಲ್ಲೇ ನೋಡಿ. ಎರಡು ಚಮಚ ಜ್ಯೂಸ್‌ಗೆ ಚಿಟಿಕೆ ಅಡುಗೆ ಸೋಡಾ ಹಾಕಿ. ಹಣ್ಣಿನದೇ ಬಣ್ಣವಾದರೆ ಕೆಂಪು ಹೋಗಿ ನೀಲಿ-ಹಸಿರು ಕಡೆಗೆ ತಿರುಗುತ್ತದೆ.

ಬೇಸಿಗೆಯಲ್ಲಿ ಹಣ್ಣಾದ ಬೆಳೆಯ ಜ್ಯೂಸ್ ಸ್ವಲ್ಪ ತಿಳಿಯಾಗಿರಬಹುದು. ಸೆಕೆ ಜಾಸ್ತಿಯಾದರೆ ಸಿಪ್ಪೆಗೆ ಬಣ್ಣ ಸರಿಯಾಗಿ ಕೂರುವುದಿಲ್ಲ. ಫ್ರಿಜ್‌ನಲ್ಲಿಟ್ಟಾಗ ತಳದಲ್ಲಿ ಸಣ್ಣ ಹರಳು ಕಂಡರೆ ಗಾಜು ಅಂತ ಗಾಬರಿ ಬೇಡ, ಅದು ದ್ರಾಕ್ಷಿಯ ಹುಳಿಯೇ ತಂಪಿಗೆ ಗಟ್ಟಿಯಾಗಿದ್ದು. ಸೋಸಿ ಕುಡಿಯಿರಿ.

ಇದು ಕಾಯಿಲೆ ವಾಸಿ ಮಾಡುತ್ತದೆ ಅಂತ ನಾವು ಲೇಬಲ್ ಮೇಲೆ ಬರೆದಿಲ್ಲ, ಬರೆಯುವುದೂ ಇಲ್ಲ. ಸಕ್ಕರೆ ನಾವು ಬೆರೆಸಿಲ್ಲ, ಆದರೆ ಹಣ್ಣಿನ ಸಕ್ಕರೆ ಇದ್ದೇ ಇದೆ. ಶುಗರ್ ಇರುವವರು ದಯವಿಟ್ಟು ಡಾಕ್ಟರನ್ನು ಕೇಳಿ ಕುಡಿಯಿರಿ.

ಬೆಲೆ ಸ್ವಲ್ಪ ಏರಿದೆ, ಬಿಸಿ ಮಾಡುವ ಖರ್ಚು ಸೇರಿದೆ. ಹಳೇ ರುಚಿಯೇ ಬೇಕೆನ್ನುವವರಿಗೆ ಹಳೇ ಲೇಬಲ್‌ನ ಬಾಟಲಿಗಳನ್ನು ಮುಗಿಯುವವರೆಗೆ ಹಳೇ ಬೆಲೆಗೇ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ದ್ರಾಕ್ಷಿ ಬೆಳೆಗಾರರ ಸಂಘ, ಚಿಕ್ಕಬಳ್ಳಾಪುರ