ಆಂಬ್ಯುಲೆನ್ಸಲ್ಲಿ ಇನ್ಮೇಲೆ ಡ್ರೈವರ್ ಒಬ್ರೇ ಬರಲ್ಲ

ಸೊಸೈಟಿ ಸದಸ್ಯರಿಗೆ, ಮತ್ತೆ ಹೊತ್ತಲ್ಲದ ಹೊತ್ತಲ್ಲಿ ನಮ್ ಗಾಡಿ ಕರೆಸ್ಕೊಳ್ಳೋ ಎಲ್ರಿಗೂ ನಮಸ್ಕಾರ.

ಸುತ್ತಿ ಬಳಸಿ ಹೇಳಲ್ಲ. ಬರೋ 1ನೇ ತಾರೀಖಿಂದ ಟ್ರೈನಿಂಗ್ ಆಗಿರೋ ಒಬ್ರು ಹಿಂದೆ ಪೇಷಂಟ್ ಪಕ್ಕದಲ್ಲೇ ಕೂತು ಬರ್ತಾರೆ, ಅದಕ್ಕೆ ಟ್ರಿಪ್ಪಿಗೆ 200 ರೂಪಾಯಿ ಜಾಸ್ತಿ ಆಗುತ್ತೆ. ಇನ್ನೊಂದು, ಈ ಗಾಡೀಲಿ ಹೆಣ ಸಾಗ್ಸೋದು ನಿಲ್ಲಿಸ್ತಿದೀವಿ. ಇದನ್ನ ಕೇಳಿ ಮೀಟಿಂಗಲ್ಲಿ ಗಲಾಟೆನೇ ಆಯ್ತು, ಕಷ್ಟಕ್ಕಾಗದ ಗಾಡಿ ಯಾಕೆ ಅಂದ್ರು, ಅವರ ಮಾತಲ್ಲೂ ತಪ್ಪಿಲ್ಲ. ಆದ್ರೆ ಗಾಡಿ ಹೆಣ ಬಿಡೋಕೆ ಹೋಗಿದ್ದಾಗಲೇ ಹೆರಿಗೆ ನೋವಿನ ಫೋನ್ ಬಂದ್ರೆ ಏನ್ಮಾಡೋದು ಹೇಳಿ.

ಟ್ರೈನಿಂಗಿಗೆ ಹೋದಾಗ ಅಲ್ಲಿನ ಮೇಷ್ಟ್ರು ಅಮೆರಿಕದ ಪಿಟ್ಸ್‌ಬರ್ಗ್ ಕತೆ ಹೇಳಿದ್ರು, ನಾನಂತೂ ಅಮೆರಿಕದಲ್ಲಿ ಮೊದಲಿಂದ್ಲೂ ಎಲ್ಲಾ ಸರಿಯಾಗೇ ಇತ್ತು ಅನ್ಕೊಂಡಿದ್ದೆ. ಎಲ್ಲಿ ಬಂತು, ಅಲ್ಲೂ 1960ರ ದಶಕದಲ್ಲಿ ರೋಗಿನ ಒಯ್ತಾ ಇದ್ದಿದ್ದು ಪೊಲೀಸ್ ವ್ಯಾನು, ಇಲ್ಲಾ ಹೆಣದ ಗಾಡಿ! ಹಿಂದೆ ನೋಡ್ಕೊಳ್ಳೋರು ಯಾರೂ ಇಲ್ಲ. ಸಿಪಿಆರ್ (ಎದೆಬಡಿತ ನಿಂತವ್ರಿಗೆ ಎದೆ ಒತ್ತಿ, ಉಸಿರು ಕೊಟ್ಟು ಉಳಿಸೋ ವಿಧಾನ) ರೂಪಿಸಿದವರಲ್ಲಿ ಒಬ್ರಾದ ಪೀಟರ್ ಸಫರ್ ಅನ್ನೋ ಡಾಕ್ಟ್ರು 1966ರಲ್ಲಿ ಅಸ್ತಮಾಗೆ ಸ್ವಂತ ಮಗಳನ್ನೇ ಕಳ್ಕೊಂಡ್ರು. ಮಾರನೇ ವರ್ಷ ಹಿಲ್ ಡಿಸ್ಟ್ರಿಕ್ಟ್ ಅನ್ನೋ ಕಪ್ಪು ಜನರ ಬಡಾವಣೇಲಿ ‘ಫ್ರೀಡಂ ಹೌಸ್’ ಆಂಬ್ಯುಲೆನ್ಸ್ ಶುರುವಾಯ್ತು, ಸಫರ್ ಅವ್ರೇ ಮುಂದೆ ನಿಂತು ಟ್ರೈನಿಂಗ್ ರೆಡಿ ಮಾಡಿದ್ರು. ಸೇರಿದವ್ರು ಅಲ್ಲಿನ ಹುಡುಗ್ರೇ, ಕೆಲವ್ರು ಹೈಸ್ಕೂಲೂ ಮುಗ್ಸಿರ್ಲಿಲ್ಲ, ಕೈಯಲ್ಲಿ ಕೆಲ್ಸ ಇಲ್ಲ, ಇವ್ರು ಯಾತಕ್ಕೂ ಆಗಲ್ಲ ಅಂತ ಊರೇ ಕೈಬಿಟ್ಟಿದ್ದವ್ರು. ಅವ್ರಿಗೆ ಸುಮಾರು 300 ಗಂಟೆ ಕಲಿಸಿದ್ರಂತೆ, ದೇಶದ ಮೊದಲ ಪ್ಯಾರಾಮೆಡಿಕ್ಸ್ (ಆಸ್ಪತ್ರೆ ಮುಟ್ಟೋವರೆಗೂ ಗಾಡೀಲೇ ಚಿಕಿತ್ಸೆ ಕೊಡೋರು) ಸಾಲಲ್ಲಿ ಅವ್ರೇ ನಿಂತ್ರು. 1974ರಲ್ಲಿ ನ್ಯಾನ್ಸಿ ಕ್ಯಾರೊಲಿನ್ ಅನ್ನೋ ಡಾಕ್ಟ್ರು ಬಂದು ಇನ್ನೂ ಗಟ್ಟಿ ಮಾಡಿದ್ರು. 1975ರಲ್ಲಿ ನಗರಾಡಳಿತ ತನ್ನದೇ ಸರ್ವಿಸ್ ಶುರು ಮಾಡಿ ಇದನ್ನ ಮುಚ್ಚಿಸ್ತು, ಆ ಹುಡುಗ್ರಲ್ಲಿ ಬಹಳಷ್ಟು ಜನಕ್ಕೆ ಹೊಸದ್ರಲ್ಲಿ ಜಾಗ ಉಳೀಲಿಲ್ಲ. ಇದು ನಂಗೆ ಇವತ್ತಿಗೂ ಸಿಟ್ಟು ಬರ್ಸೋ ವಿಷ್ಯ.

ಈಗ ನಮ್ ಕಡೆ ತಪ್ಪು. ಹೋದ್ ಮಳೆಗಾಲದಲ್ಲಿ ಘಟ್ಟ ಇಳೀತಾ ಆಕ್ಸಿಜನ್ ನಿಂತೋಯ್ತು, ಸಿಲಿಂಡರ್ ಖಾಲಿ ಆಗಿರ್ಲಿಲ್ಲ, ವಾಲ್ವ್ ತಿರುಗಿಸೋ ಕೀನ ದಾರ ಕಟ್ಟಿ ಸಿಲಿಂಡರಿಗೇ ನೇತಾಕಿದ್ವಿ, ಪಕ್ಕದಲ್ಲಿದ್ದ ಪೇಷಂಟ್ ಮಗನಿಗೆ ಅದನ್ನ ಯಾವ ಕಡೆ ತಿರುಗಿಸ್ಬೇಕು ಗೊತ್ತಿಲ್ಲ, ಒಂದ್ ಕೈಯಲ್ಲಿ ಡ್ರಿಪ್ ಬಾಟ್ಲಿ ಬೇರೆ ಎತ್ತಿ ಹಿಡ್ದಿದ್ದ, ನಮ್ ಡ್ರೈವರ್ ಕನ್ನಡೀಲಿ ನೋಡ್ಕೊಂಡೇ ‘ಎಡಕ್ಕೆ, ಎಡಕ್ಕೆ’ ಅಂತ ಕೂಗ್ತಿದ್ರು. ಆ ಪೇಷಂಟ್ ಉಳ್ಕೊಂಡ್ರು, ಆದ್ರೆ ಅವತ್ತಿಂದ ಡ್ರೈವರ್ ಒಬ್ರೇ ಹೋಗಲ್ಲ ಅಂತ ಕೂತ್ಬಿಟ್ರು. ಸರಿಯಾಗೇ ಮಾಡಿದ್ರು.

ಎದೆನೋವು, ಆಕ್ಸಿಡೆಂಟ್ ಏನೇ ಇರ್ಲಿ, ಮೊದ್ಲು 108ಕ್ಕೆ ಮಾಡಿ, ಅದು ಫ್ರೀ, 2008ರಿಂದ ನಮ್ ರಾಜ್ಯದಲ್ಲಿದೆ. ಅದು ಬರೋದು ತಡ ಅಂದ್ರೆ ನಮಗೆ ಮಾಡಿ, ನಂಬರ್ ಹಳೇದೇ. 200 ರೂಪಾಯಿ ಆಗ್ದೇ ಇರೋರು ಆಫೀಸಿಗೆ ಒಂದ್ ಮಾತು ಹೇಳಿ ಸಾಕು, ಚೀಟಿಗೀಟಿ ಬೇಡ. ಹೆಣ ಸಾಗ್ಸೋಕೆ ಬೇರೆ ಜೀಪಿನವ್ರ ಹತ್ರ ಮಾತಾಡ್ತಿದೀವಿ, ಕುದುರಿದ್ರೆ ಆಫೀಸ್ ಬೋರ್ಡಲ್ಲಿ ಹಾಕ್ತೀವಿ.

ಇನ್ನೊಂದೇ ವಿನಂತಿ. ರಾತ್ರಿ ಕರೆದ್ರೆ ದಯವಿಟ್ಟು ಯಾರಾದ್ರೂ ಟಾರ್ಚ್ ಹಿಡ್ಕೊಂಡು ರಸ್ತೆ ತಿರುವಲ್ಲಿ ನಿಂತಿರಿ, ತೋಟದ ದಾರಿಗಳೆಲ್ಲಾ ಕತ್ತಲಲ್ಲಿ ಒಂದೇ ತರ ಕಾಣ್ತವೆ.

ಇಂತಿ,
ಸೊಸೈಟಿ ಕಾರ್ಯದರ್ಶಿ